ಮೊದಲು ತೂಕ, ಆಮೇಲೆ ಬಟನ್: ಟಾರಿನಲ್ಲೂ ಕೆಸರಿನಲ್ಲೂ ಓಡುವ ವ್ಯಾನಿಗೆ ಟೈರ್, ರಿಮ್ ಆರಿಸುವ ಬಗೆ

ಮೂಡಿಗೆರೆ, ಕಳಸ, ಸಕಲೇಶಪುರದ ಕಡೆ ವ್ಯಾನ್ ಇಟ್ಟುಕೊಂಡವರಿಗೆ ಒಂದೇ ದಿನದಲ್ಲಿ ಎಲ್ಲಾ ಥರದ ರಸ್ತೆಯೂ ಸಿಗುತ್ತದೆ. ಬೆಳಿಗ್ಗೆ ತೋಟದ ಕೆಮ್ಮಣ್ಣಿನ ದಾರಿ. ಮಧ್ಯಾಹ್ನ ಚಾರ್ಮಾಡಿ ಘಾಟಿಯ ಒದ್ದೆ ಟಾರು. ಸಂಜೆ ಹೊತ್ತಿಗೆ ಹೆದ್ದಾರಿಯಲ್ಲಿ ಎಂಬತ್ತರ ಸ್ಪೀಡು. ಇಷ್ಟಕ್ಕೂ ಇರುವುದು ಒಂದೇ ಸೆಟ್ ಟೈರ್.

ಓಮ್ನಿ, ಇಕೋ, ಫೋರ್ಸ್ ಟ್ರಾವೆಲರ್ ಮೂರೂ ಹಿಂದಿನ ಚಕ್ರದಿಂದ ಎಳೆಯುವ ಗಾಡಿಗಳು. ಖಾಲಿ ಇದ್ದಾಗ ಹಿಂಭಾಗ ಹಗುರ. ತುಂಬಿದಾಗ ಬಹುಪಾಲು ಭಾರ ಹಿಂದಿನ ಟೈರುಗಳ ಮೇಲೆಯೇ ಬೀಳುತ್ತದೆ. ಜೀಪಿಗೂ ಕಾರಿಗೂ ಹೇಳುವ ಸಲಹೆಯನ್ನು ವ್ಯಾನಿಗೆ ಹಾಗೇ ಅಂಟಿಸಿದರೆ ಕೆಲಸ ಕೆಡುವುದು ಇಲ್ಲೇ. ಎಷ್ಟೋ ಜನ ಟೈರ್ ಅಂಗಡಿಗೆ ಹೋಗಿ ಮೊದಲು ನೋಡುವುದು ಬಟನ್ (ರಸ್ತೆಗೆ ತಾಗುವ ರಬ್ಬರಿನ ಉಬ್ಬುಗಳು) ಎಷ್ಟು ದಪ್ಪ ಇದೆ, ನೋಡೋಕೆ ಎಷ್ಟು ಗಟ್ಟಿಮುಟ್ಟಾಗಿದೆ ಅಂತ. ವ್ಯಾನಿನ ವಿಷಯದಲ್ಲಿ ಅದನ್ನು ಕೊನೆಗೆ ನೋಡಿ. ಮೊದಲು ನೋಡಬೇಕಾದ್ದು ತೂಕ.

ಹಂತ 1: ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ಹತ್ತಿಸಿ

ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೋ ಬಾಗಿಲಿನ ಅಂಚಿನಲ್ಲೋ ಒಂದು ಸ್ಟಿಕರ್ ಇರುತ್ತದೆ. ಟೈರಿನ ಅಳತೆ ಮತ್ತು ಹಿಂದೆ ಮುಂದೆ ಎಷ್ಟು ಗಾಳಿ ಬೇಕು ಅನ್ನುವುದು ಅದರಲ್ಲಿದೆ. ಸ್ಟಿಕರ್ ಹರಿದುಹೋಗಿದ್ದರೆ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಸಿಗುತ್ತದೆ. ಒಂದು ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಮುಂದಿನ ಎಲ್ಲಾ ಲೆಕ್ಕಕ್ಕೂ ಅದೇ ಆಧಾರ.

ಆಮೇಲೆ ನಿಮ್ಮ ಮಾಮೂಲಿ ಲೋಡು ತುಂಬಿಕೊಂಡು ಎಪಿಎಂಸಿ ಯಾರ್ಡ್ ಹತ್ತಿರದ ವೇ ಬ್ರಿಡ್ಜ್‌ಗೆ ಹೋಗಿ. ಮಾಮೂಲಿ ಲೋಡು ಅಂದರೆ ನಿಜವಾಗಿ ಹೊರುವುದು: ಜನ, ಕಾಫಿ ಮೂಟೆ, ಗೊಬ್ಬರ, ಗ್ಯಾಸ್ ಸಿಲಿಂಡರ್, ಮೇಲಿನ ಕ್ಯಾರಿಯರ್ ಸಾಮಾನು, ತುಂಬಿದ ಟ್ಯಾಂಕ್. ಒಟ್ಟು ತೂಕ ಒಂದೇ ಸಾಲದು. ಮುಂದಿನ ಚಕ್ರ ಮಾತ್ರ ತಟ್ಟೆಯ ಮೇಲೆ ನಿಲ್ಲಿಸಿ ಒಂದು ಸಲ, ಹಿಂದಿನದು ಮಾತ್ರ ನಿಲ್ಲಿಸಿ ಇನ್ನೊಂದು ಸಲ ತೂಗಿಸಿ. ಕೇಳಿದರೆ ಮಾಡಿಕೊಡುತ್ತಾರೆ.

ಲೆಕ್ಕ ಹೀಗೆ. ಹಿಂದಿನ ಆಕ್ಸಲ್ ಮೇಲೆ 800 ಕೆಜಿ ಬಂತು ಅಂದುಕೊಳ್ಳಿ. ಒಂದು ಚಕ್ರಕ್ಕೆ 400. ಆದರೆ ಎಡ ಬಲ ಯಾವತ್ತೂ ಸಮ ಇರುವುದಿಲ್ಲ. ಗುಂಡಿಗೆ ಇಳಿದಾಗ, ತಿರುವಿನಲ್ಲಿ ವಾಲಿದಾಗ ಒಂದೇ ಚಕ್ರದ ಮೇಲೆ ಜಾಸ್ತಿ ಬೀಳುತ್ತದೆ. ಹಾಗಾಗಿ ಹತ್ತು-ಹದಿನೈದು ಪರ್ಸೆಂಟ್ ಮೇಲಿಟ್ಟುಕೊಳ್ಳಿ. 450 ಕೆಜಿ ಹೊರುವ ಟೈರ್ ಬೇಕು ಅಂತಾಯಿತು.

ಟೈರ್ ಎಷ್ಟು ಹೊರುತ್ತದೆ ಅನ್ನುವುದನ್ನು ಅದರ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಅಳತೆಯ ಮುಂದೆ ಒಂದು ಸಂಖ್ಯೆ, ಅದರ ಪಕ್ಕ ಒಂದು ಅಕ್ಷರ. ಆ ಸಂಖ್ಯೆಗೆ ಲೋಡ್ ಇಂಡೆಕ್ಸ್ ಅನ್ನುತ್ತಾರೆ. 73 ಅಂದರೆ 365 ಕೆಜಿ, 75 ಅಂದರೆ 387, 80 ಅಂದರೆ 450, 90 ಅಂದರೆ 600, 100 ಅಂದರೆ 800 ಕೆಜಿ. ಅಕ್ಷರ ಸ್ಪೀಡಿನದು: ಎನ್ ಇದ್ದರೆ 140 ಕಿ.ಮೀ., ಕ್ಯೂ ಇದ್ದರೆ 160, ಎಸ್ ಇದ್ದರೆ 180, ಟಿ ಇದ್ದರೆ 190. ವ್ಯಾನಿಗೆ ಸ್ಪೀಡಿನ ಅಕ್ಷರ ದೊಡ್ಡ ವಿಷಯವಲ್ಲ, ಕಂಪನಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು ಅಷ್ಟೇ. ಲೋಡಿನ ಸಂಖ್ಯೆ ಮಾತ್ರ ತುಂಬಾ ಮುಖ್ಯ.

ಯಾಕೆ ಅಂತ ನೋಡಿ. 155/65 ಆರ್ 13 ಅಳತೆಯ ಕಾರಿನ ಟೈರಿನ ಮೇಲೆ 73 ಅಂತ ಇರುತ್ತದೆ. ಅಂದರೆ 365 ಕೆಜಿ. ನಮಗೆ ಬೇಕಿದ್ದದ್ದು 450. ರಿಮ್ಮಿಗೆ ಸರಿಯಾಗಿ ಕೂರುತ್ತದೆ, ಬೆಲೆಯೂ ಕಡಿಮೆ, ಖಾಲಿ ಗಾಡಿ ನುಣ್ಣಗೆ ಓಡುತ್ತದೆ. ಲೋಡು ಹಾಕಿ ಬೇಸಿಗೆಯಲ್ಲಿ ಚಿತ್ರದುರ್ಗದ ಕಡೆ ಹೊರಟ ದಿನ ಅದು ಒಳಗೊಳಗೇ ಬಿಸಿಯೇರುತ್ತದೆ. ಭಾರ ತಡೆಯದ ಟೈರಿನ ಸೈಡ್‌ವಾಲ್, ಅಂದರೆ ಪಕ್ಕದ ಗೋಡೆ, ಪ್ರತಿ ಸುತ್ತಿಗೂ ಜಾಸ್ತಿ ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯೇ ಬಿಸಿ. ಟೈರ್ ಸಿಡಿಯಲು ಮೊಳೆ ಬೇಕೇ ಬೇಕು ಅಂತಿಲ್ಲ.

ಅದಕ್ಕೇ ವ್ಯಾನುಗಳಿಗೆ ಎಲ್‌ಟಿ ಟೈರ್ ಬರುತ್ತದೆ. ಹಗುರ ಲಾರಿಗಳ ಜಾತಿ. ಓಮ್ನಿಯದು 145 ಆರ್ 12 ಎಲ್‌ಟಿ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು 2019ರಲ್ಲಿ ತಯಾರಿಕೆ ನಿಂತ ಆ ಗಾಡಿ ಇವತ್ತಿಗೂ ಮಲೆನಾಡಿನಲ್ಲಿ ಓಡುತ್ತಿದೆ ಅಂದರೆ ಅದರಲ್ಲಿ ಈ ಗಟ್ಟಿ ಸೈಡ್‌ವಾಲ್‌ನ ಪಾಲೂ ಇದೆ ಅಂತ ನನ್ನ ನಂಬಿಕೆ. ಎಲ್‌ಟಿ ಪಕ್ಕದಲ್ಲಿ 6 ಪಿಆರ್, 8 ಪಿಆರ್ ಅಂತ ಇರುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಒಳಗಿನ ಕವಚ ಗಟ್ಟಿ, ಜಾಸ್ತಿ ಗಾಳಿ ತಡೆಯುತ್ತದೆ, ಜಾಸ್ತಿ ಭಾರ ಹೊರುತ್ತದೆ. ಕೆಲವದರ ಮೇಲೆ 104/101 ಅಂತ ಎರಡು ಸಂಖ್ಯೆ ಇರುತ್ತವೆ. ಮೊದಲನೆಯದು ಒಂಟಿ ಚಕ್ರಕ್ಕೆ, ಎರಡನೆಯದು ಹಿಂದೆ ಜೋಡಿ ಚಕ್ರ ಇರುವ ಗಾಡಿಗೆ.

8 ಪಿಆರ್ ಹಾಕಿದ ಮಾತ್ರಕ್ಕೆ ಗಾಡಿ ಜಾಸ್ತಿ ಹೊರುತ್ತದೆ ಅಂತ ಅಲ್ಲ. ಸ್ಪ್ರಿಂಗು, ಆಕ್ಸಲ್, ಬ್ರೇಕು ಹಳೆಯವೇ ತಾನೇ. ಆರ್‌ಸಿಯಲ್ಲಿ ಬರೆದ ತೂಕವೇ ಮಿತಿ.

ಹಂತ 2: ಅಳತೆ ದೊಡ್ಡದು ಮಾಡುವ ಮುಂಚೆ ಪೆನ್ನು ಹಿಡಿಯಿರಿ

"ಅಣ್ಣಾ, ಒಂದು ಸೈಜ್ ಮೇಲಿಂದು ಹಾಕಿಬಿಡೋಣ, ಗಾಡಿ ಎತ್ತರ ಆಗುತ್ತೆ." ಟೈರ್ ಅಂಗಡಿಯಲ್ಲಿ ಈ ಮಾತು ಕೇಳದವರು ಕಡಿಮೆ. ಹುಡುಗ ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾನೆ. ಆದರೆ ಎಷ್ಟು ಎತ್ತರ ಆಗುತ್ತೆ?

215/75 ಆರ್ 15 ತೆಗೆದುಕೊಳ್ಳಿ. 215 ಅಂದರೆ ಮಿಲಿಮೀಟರಿನಲ್ಲಿ ಟೈರಿನ ಅಗಲ. 75 ಅಂದರೆ ಅಗಲದ 75 ಪರ್ಸೆಂಟು ಸೈಡ್‌ವಾಲ್ ಎತ್ತರ, ಸುಮಾರು 161 ಮಿ.ಮೀ. ರಿಮ್ಮು 15 ಇಂಚು, ಅಂದರೆ 381 ಮಿ.ಮೀ. ಮೇಲೊಂದು ಕೆಳಗೊಂದು ಸೈಡ್‌ವಾಲ್ ಸೇರಿಸಿದರೆ ಒಟ್ಟು ಎತ್ತರ ಸುಮಾರು 704 ಮಿ.ಮೀ. ಅದೇ 235/75 ಆರ್ 15 ಹಾಕಿದರೆ ಸುಮಾರು 734. ಮೂವತ್ತು ಮಿಲಿಮೀಟರ್ ಜಾಸ್ತಿ. ಆದರೆ ಆಕ್ಸಲ್ ಇರುವುದು ಚಕ್ರದ ನಡುಮಧ್ಯ. ಹಾಗಾಗಿ ಗಾಡಿ ಏರುವುದು ಅದರ ಅರ್ಧ, ಹದಿನೈದು ಮಿಲಿಮೀಟರ್. ಹೆಬ್ಬೆರಳ ಅಗಲವೂ ಇಲ್ಲ.

ಅಷ್ಟಕ್ಕೆ ಕೊಡುವ ಬೆಲೆ ಏನು? ಎತ್ತರ ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ ಹೆಚ್ಚಿದೆ. ಸ್ಪೀಡೋಮೀಟರ್ ಹೇಳುವುದಕ್ಕಿಂತ ಗಾಡಿ ಅಷ್ಟೇ ಪಾಲು ಜೋರಾಗಿ ಓಡುತ್ತಿರುತ್ತದೆ. ಪ್ರತಿ ಗೇರೂ ಅಷ್ಟು ಉದ್ದವಾದ ಹಾಗೆ. ತುಂಬಿದ ವ್ಯಾನಿನಲ್ಲಿ ಘಾಟಿಯ ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಕ್ಲಚ್ ಜಾಸ್ತಿ ಉಜ್ಜುತ್ತದೆ. ಬ್ರೇಕಿಗೂ ಹೊರೆ. ಮೂಲ ಎತ್ತರಕ್ಕಿಂತ ಶೇಕಡಾ 3ರ ಒಳಗೆ ಇರಲಿ ಅನ್ನುವುದು ಎಲ್ಲಾ ಕಡೆ ಬಳಕೆಯಲ್ಲಿರುವ ನಿಯಮ. ವ್ಯಾನಿಗೆ ನಾನು ಇನ್ನೂ ಬಿಗಿಯಾಗಿ ಹೇಳುತ್ತೇನೆ: ಕಂಪನಿ ಕೊಟ್ಟ ಅಳತೆಯಲ್ಲೇ ಒಳ್ಳೆ ಟೈರ್ ಸಿಗುವಾಗ ಅಳತೆ ಬದಲಾಯಿಸಬೇಡಿ.

ಕಾನೂನೂ ಅದನ್ನೇ ಹೇಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಬೇರೆ ಆಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿದೆ. ಟೈರ್ ಬಾಡಿಯಿಂದ ಹೊರಗೆ ಚಾಚಿದ್ದರೆ ಹಳದಿ ಬೋರ್ಡಿನವರಿಗೆ ಎಫ್‌ಸಿ ಮಾಡಿಸುವಾಗ ತಕರಾರು ಬರುತ್ತದೆ. ಅಪಘಾತವಾದರೆ ಇನ್ಶೂರೆನ್ಸ್‌ನವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಕಂಪನಿ ಒಪ್ಪಿದ ಬೇರೆ ಅಳತೆ ಇದ್ದು ಅದನ್ನೇ ಹಾಕುವುದಾದರೂ ಜಾಗ ಇದೆಯಾ ಅಂತ ಪರೀಕ್ಷೆ ಮಾಡಿ. ಒಂದೇ ಒಂದು ಟೈರ್ ಹಾಕಿಸಿ ಮುಂದೆ ಜೋಡಿಸಿ. ಚಕ್ರದ ಗೂಡಿನ ಒಳಭಾಗಕ್ಕೆ ಸೀಮೆಸುಣ್ಣ ಬಳಿಯಿರಿ. ಆ ಚಕ್ರವನ್ನು ಒಂದು ಕಲ್ಲಿನ ಮೇಲೆ ಹತ್ತಿಸಿ, ಸ್ಟೇರಿಂಗ್ ಕೊನೆಯವರೆಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನಿಧಾನಕ್ಕೆ ಹಿಂದೆ ಮುಂದೆ ಮಾಡಿ. ಸುಣ್ಣ ಅಳಿಸಿದ ಕಡೆ ಟೈರ್ ತಾಗುತ್ತಿದೆ ಅಂತ ಅರ್ಥ. ಡ್ರೈವರ್ ಸೀಟಿನ ಅಡಿಯಲ್ಲೇ ಮುಂದಿನ ಚಕ್ರ ಇರುವ ಓಮ್ನಿಯಂಥ ಗಾಡಿಯಲ್ಲಿ ಈ ಜಾಗ ತೀರಾ ಕಮ್ಮಿ. ಕೆಸರು ಕಟ್ಟಿದಾಗ ಇನ್ನೂ ಒಂದೆರಡು ಬೆರಳು ಬೇಕು ಅನ್ನುವುದು ನೆನಪಿರಲಿ. ಗಾಡಿಯ ಅಡಿಯಲ್ಲಿ ಸ್ಟೆಪ್ನಿ ಕೂರಿಸುವ ಜಾಗದಲ್ಲೂ ಅದು ಹಿಡಿಸುತ್ತದಾ ನೋಡಿ.

ಹಂತ 3: ಬಟನ್

ಈಗ ಬಟನ್ ನೋಡಬಹುದು. ಆದರೆ ಮೊದಲು ಒಂದು ವಾರ ಮೀಟರ್ ಬರೆದಿಡಿ. ಎಷ್ಟು ಕಿ.ಮೀ. ಟಾರು, ಎಷ್ಟು ಮಣ್ಣು. ಬರೆದವರಿಗೆ ಬಹುತೇಕ ಆಶ್ಚರ್ಯ ಕಾದಿರುತ್ತದೆ. ತೋಟದ ದಾರಿ ಮನಸ್ಸಿನಲ್ಲಿ ಉದ್ದ, ಮೀಟರಿನಲ್ಲಿ ಗಿಡ್ಡ.

ಪೂರ್ತಿ ರಸ್ತೆಗೆ ಮಾಡಿದ ಟೈರ್ ಎಚ್‌ಟಿ. ಎರಡಕ್ಕೂ ಆಗುವುದು ಎಟಿ. ಕೆಸರಿಗೇ ಮಾಡಿದ್ದು ಎಂಟಿ. ಎಚ್‌ಟಿಯಲ್ಲಿ ಬಟನ್ ಒತ್ತೊತ್ತಾಗಿ ಇರುತ್ತದೆ, ಮೇಲೆ ಸಣ್ಣ ಸಣ್ಣ ಸೀಳು. ಒದ್ದೆ ಟಾರಿನ ಮೇಲಿನ ನೀರಿನ ಪೊರೆಯನ್ನು ಒಡೆದು ರಸ್ತೆ ಹಿಡಿಯುವುದು ಆ ಸೀಳುಗಳೇ. ಎಂಟಿಯಲ್ಲಿ ಬಟನ್ ದೊಡ್ಡದು, ನಡುವೆ ಅಗಲ ಸಂದು. ಕೆಸರನ್ನು ಕಚ್ಚಿ ಹೊರಗೆ ಎಸೆಯುತ್ತದೆ.

ಈ ಎಸೆಯುವುದೇ ಎಲ್ಲಾ. ಜುಲೈನಲ್ಲಿ ತೋಟದ ಗೇಟಿನ ಒಳಗೆ ಇಪ್ಪತ್ತು ಅಡಿ ಹೋಗಿ ಇಳಿದು ನೋಡಿ. ರಸ್ತೆ ಟೈರಿನ ಗೆರೆಗಳೊಳಗೆ ಕೆಮ್ಮಣ್ಣು ಮೆತ್ತಿಕೊಂಡು ಗೆರೆಯೇ ಕಾಣುವುದಿಲ್ಲ. ಇಡೀ ಚಕ್ರ ಕುಂಬಾರ ತಟ್ಟಿ ಇಟ್ಟ ಹಸಿ ಮಡಕೆಯ ಹಾಗೆ ನುಣ್ಣಗೆ ಹೊಳೆಯುತ್ತದೆ. ಆಗ ಬಟನ್ ಹೊಸದಾದರೂ ಒಂದೇ, ಸವೆದಿದ್ದರೂ ಒಂದೇ. ಬೆರಳು ಹಾಕಿ ಕೆದಕಿದರೆ ಮಣ್ಣು ಉಂಡೆಯಾಗಿ ಬರುತ್ತದೆ. ಸಂದು ಅಗಲ ಇದ್ದರೆ ಚಕ್ರ ತಿರುಗುವ ರಭಸಕ್ಕೆ ಅದು ತಾನೇ ಕಳಚಿ ಬೀಳುತ್ತಿತ್ತು.

ಹಾಗಾದರೆ ಎಂಟಿಯೇ ಹಾಕಿಬಿಡಬಹುದಲ್ಲ? ಬೇಡ. ಅದೇ ಎಂಟಿ ಶಿರಾಡಿಯ ಒದ್ದೆ ತಿರುವಿನಲ್ಲಿ ರಸ್ತೆಗೆ ತಾಗಿಸುವ ರಬ್ಬರ್ ಕಡಿಮೆ. ಬ್ರೇಕ್ ಹಾಕಿದರೆ ನಿಲ್ಲಲು ಜಾಸ್ತಿ ದೂರ ಬೇಕು. ಎತ್ತರದ, ಜನ ತುಂಬಿದ ವ್ಯಾನಿಗೆ ಅದು ಹುಡುಗಾಟವಲ್ಲ. ಕೆಸರಿನಲ್ಲಿ ಹೂತರೆ ನಾಲ್ಕು ಜನ ತಳ್ಳುತ್ತಾರೆ, ಘಾಟಿಯಲ್ಲಿ ಜಾರಿದರೆ ತಳ್ಳುವವರು ಯಾರು? ಮೀಟರಿನ ಮುಕ್ಕಾಲು ಭಾಗ ಟಾರು ಇದ್ದರೆ, ಮಣ್ಣಿನ ದಾರಿ ಗಟ್ಟಿ ಸೋಲಿಂಗ್ (ಕಲ್ಲು ಹಾಸಿದ್ದು) ಆಗಿದ್ದರೆ ಎಚ್‌ಟಿ ಅಥವಾ ಮಾಮೂಲಿ ಎಲ್‌ಟಿ ಸಾಕು. ವಾರಕ್ಕೆ ಹಲವು ಸಲ ಕೆಸರು ದಾಟಲೇಬೇಕು ಅನ್ನುವವರಿಗೆ ಎಟಿ. ಎಂಟಿಯನ್ನು ತೋಟ ಬಿಟ್ಟು ಹೊರಗೆ ಬರದ ಜೀಪಿಗೆ ಬಿಡಿ.

ಹದಿನೈದು, ಹದಿನಾರು ಇಂಚಿನ ರಿಮ್ಮಿಗೆ ನಮ್ಮಲ್ಲಿ ಎಟಿ ಆಯ್ಕೆ ಚೆನ್ನಾಗಿದೆ. ಎಂಆರ್‌ಎಫ್ ವಾಂಡರರ್, ಅಪೊಲೊ ಆಪ್ಟೆರಾ ಎಟಿ, ಜೆಕೆ ರೇಂಜರ್, ಸಿಯೆಟ್ ಝಾರ್, ಯೊಕೊಹಾಮಾ ಜಿಯೊಲ್ಯಾಂಡರ್ ಎಟಿ. ಹೆಸರಿಗಿಂತ ಮೊದಲು ನಿಮ್ಮ ಲೋಡ್ ಇಂಡೆಕ್ಸ್ ಇದೆಯಾ ನೋಡಿ. ಇವುಗಳಲ್ಲಿ ಹಲವು ಎಸ್‌ಯುವಿಗೆ ಅಂತ ಮಾಡಿದ್ದು, ವ್ಯಾನಿನ ಗಾಳಿ ಮತ್ತು ಭಾರಕ್ಕೆ ಅಲ್ಲ.

ಹನ್ನೆರಡು, ಹದಿಮೂರು ಇಂಚಿನಲ್ಲಿ ಎಟಿ ಸಿಗುವುದೇ ಅಪರೂಪ. ಓಮ್ನಿ, ಇಕೋದವರು ಅದಕ್ಕಾಗಿ ಅಲೆಯಬೇಡಿ. ಎಲ್‌ಟಿಗಳಲ್ಲೇ ಗೆರೆ ಆಳವಾಗಿರುವ, ಅಂಚಿನಲ್ಲಿ ಬಟನ್ ಬಿಡಿಬಿಡಿಯಾಗಿರುವ ನಮೂನೆ ಆರಿಸಿ. ಉಳಿದ ಕೆಲಸ ಗಾಳಿ, ಹಿಂದೆ ಇಟ್ಟ ಒಂದೆರಡು ಮರಳಿನ ಚೀಲ ಮತ್ತು ಸರಪಳಿ ಮಾಡುತ್ತವೆ. ಮಳೆಗಾಲದಲ್ಲಿ ಚಕ್ರಕ್ಕೆ ಸರಪಳಿ ಸುತ್ತುವುದು ಕೊಡಗು, ಮಲೆನಾಡಿಗೆ ಹೊಸದಲ್ಲ. ವ್ಯಾನಿನಲ್ಲಿ ಹಿಂದಿನ ಚಕ್ರಕ್ಕೆ ಹಾಕಿ, ಒಳಬದಿಯಲ್ಲಿ ಬ್ರೇಕಿನ ಪೈಪಿಗೆ ತಾಗದ ಹಾಗೆ ಬಿಗಿಯಾಗಿ ಕಟ್ಟಿ, ಟಾರು ಬಂದ ಕೂಡಲೇ ಬಿಚ್ಚಿ.

ನಾಲ್ಕೂ ಟೈರಿಗೆ ದುಡ್ಡಿಲ್ಲ, ಎರಡೇ ತರುವುದು ಅಂದರೆ ಹೊಸ ಎರಡನ್ನು ಹಿಂದೆ ಹಾಕಿ. ಮುಂದೆ ಜಾರಿದರೆ ಸ್ಟೇರಿಂಗಿನಲ್ಲಿ ಗೊತ್ತಾಗುತ್ತದೆ, ಕಾಲು ತೆಗೆದರೆ ಹಿಡಿತ ಸಿಗುತ್ತದೆ. ಹಿಂದೆ ಜಾರಿದರೆ ಗಾಡಿ ಅಡ್ಡ ತಿರುಗುತ್ತದೆ. ಒಂದೇ ಆಕ್ಸಲ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ನಮೂನೆ ಮಾತ್ರ ಬೇಡವೇ ಬೇಡ.

ಹಂತ 4: ರಿಮ್ಮು ಬದಲಾಯಿಸಲೇಬೇಕಾ?

ಬಹುಪಾಲು ವ್ಯಾನಿಗೆ ಕಂಪನಿಯ ಸ್ಟೀಲ್ ರಿಮ್ಮೇ ಸರಿ. ಕಲ್ಲಿಗೆ ಬಡಿದರೆ ಸ್ಟೀಲ್ ಬಾಗುತ್ತದೆ, ಊರಿನ ಪಂಚರ್ ಅಂಗಡಿಯಲ್ಲಿ ಸುತ್ತಿಗೆ ಹಿಡಿದು ಮನೆ ಮುಟ್ಟುವಷ್ಟು ಸರಿ ಮಾಡಿಕೊಡುತ್ತಾರೆ. ಅಲಾಯ್ ಬಿರುಕು ಬಿಡುತ್ತದೆ. ದೊಡ್ಡ ರಿಮ್ಮು ಹಾಕಿ ಸೈಡ್‌ವಾಲ್ ಗಿಡ್ಡ ಮಾಡುವುದಂತೂ ಗುಂಡಿ ರಸ್ತೆಯವರು ಮಾಡುವ ಕೆಲಸವೇ ಅಲ್ಲ. ಗುಂಡಿಯ ಏಟು ನುಂಗುವುದು ಆ ಎತ್ತರದ ರಬ್ಬರು.

ಹಳೆಯ ರಿಮ್ಮು ತುಕ್ಕು ಹಿಡಿದು ಬದಲಿಸುವುದಾದರೆ ಹಳೆಯದನ್ನೇ ಅಂಗಡಿಗೆ ಹೊತ್ತುಕೊಂಡು ಹೋಗಿ ಪಕ್ಕಪಕ್ಕ ಇಟ್ಟು ಹೋಲಿಸಿ. ಬೋಲ್ಟ್ ತೂತುಗಳ ಸಂಖ್ಯೆ ಮತ್ತು ಆ ತೂತುಗಳ ನಡುವಿನ ಮೂಲಕ ಹಾದುಹೋಗುವ ವೃತ್ತದ ವ್ಯಾಸ ಒಂದೇ ಇರಬೇಕು, ಈ ವ್ಯಾಸಕ್ಕೆ ಪಿಸಿಡಿ ಅನ್ನುತ್ತಾರೆ. ನಡುವಿನ ದೊಡ್ಡ ತೂತು ಹಬ್ಬಿನ (ರಿಮ್ಮು ಕೂರುವ ಆಕ್ಸಲಿನ ತುದಿ) ಮೇಲೆ ಅಲುಗಾಡದೆ ಕೂರಬೇಕು. ರಿಮ್ಮಿನ ಅಗಲ ಟೈರಿಗೆ ಹೊಂದಬೇಕು. ಆಫ್‌ಸೆಟ್ ಅಂತ ಇನ್ನೊಂದಿದೆ: ಹಬ್ಬಿಗೆ ಕೂರುವ ಮುಖ ರಿಮ್ಮಿನ ನಡುಗೆರೆಯಿಂದ ಎಷ್ಟು ಒಳಗೆ ಅಥವಾ ಹೊರಗೆ ಇದೆ ಅನ್ನುವುದು. ಇದು ಬದಲಾದರೆ ಚಕ್ರ ಹೊರಗೆ ಚಾಚಿ ಬೇರಿಂಗ್ ಮೇಲೆ ಹೊರೆ ಬೀಳಬಹುದು. ನೋಡಲು ಅಗಲ ಕಾಣಲಿ ಅಂತ ರಿಮ್ಮಿನ ಹಿಂದೆ ಸ್ಪೇಸರ್ ಬಿಲ್ಲೆ ಹಾಕುವುದೂ ಅದೇ ಕಥೆ. ಅಲಾಯ್ ಆದರೆ ನಟ್ಟಿನ ತಲೆಯ ಆಕಾರವೂ ಹೊಂದಬೇಕು, ಎಷ್ಟು ಕೆಜಿ ತಡೆಯುತ್ತದೆ ಅಂತ ಅದರ ಮೇಲೆ ಅಚ್ಚು ಇರಬೇಕು. ಇಲ್ಲದಿದ್ದರೆ ಬಿಟ್ಟುಬಿಡಿ.

ಹಳೆ ವ್ಯಾನಿನ ರಿಮ್ಮು ಟ್ಯೂಬ್ ಟೈರಿಗೆ ಮಾಡಿದ್ದು ಇರಬಹುದು. ಟ್ಯೂಬ್‌ಲೆಸ್ ಟೈರ್ ಅಂಚಿನಲ್ಲಿ ಕಚ್ಚಿ ಕೂರಲು ರಿಮ್ಮಿನ ಒಳಗೆ ಒಂದು ಸಣ್ಣ ದಿಬ್ಬ ಬೇಕು. ಅದಿಲ್ಲದ ರಿಮ್ಮಿಗೆ ಟ್ಯೂಬ್ ಇಲ್ಲದೆ ಟೈರ್ ಹಾಕಿದರೆ ತಿರುವಿನಲ್ಲಿ ಅಂಚು ಜಾರಿ ಗಾಳಿ ಒಮ್ಮೆಲೇ ಹೋಗಬಹುದು.

ಹಂತ 5: ಕೊಳ್ಳುವಾಗ, ಹಾಕಿಸುವಾಗ

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಹುಡುಕಿ. 3224 ಅಂತ ಇದ್ದರೆ 2024ರ 32ನೇ ವಾರ ತಯಾರಾದದ್ದು. ಒಂದು ವರ್ಷಕ್ಕಿಂತ ಹಳೆಯದಾದರೆ ಬೇರೆ ಕೇಳಿ. ಬಿಸಿಲಿಗೆ ಇಟ್ಟ ಸ್ಟಾಕ್ ಆದರಂತೂ ಬೇಡ. ಐಎಸ್‌ಐ ಗುರುತು ಇರಲಿ. ತಿರುಗುವ ದಿಕ್ಕಿನ ಬಾಣ ಇದ್ದರೆ ಅದರ ಪ್ರಕಾರವೇ ಹಾಕಿಸಿ.

ವಾಲ್ವ್ ಹೊಸದು ಹಾಕಿಸಿ. ಕಾರಿಗೆ ಹಾಕುವ ಮಾಮೂಲಿ ರಬ್ಬರ್ ವಾಲ್ವ್ ಸುಮಾರು 65 ಪಾಯಿಂಟ್ (ಪಿಎಸ್‌ಐ) ಗಾಳಿಯವರೆಗೆ ಮಾತ್ರ. ಅದಕ್ಕಿಂತ ಜಾಸ್ತಿ ಗಾಳಿ ಬೇಕಾದ ದೊಡ್ಡ ವ್ಯಾನಿಗೆ ಲೋಹದ್ದು ಬೇಕು. ನಟ್ಟುಗಳನ್ನು ಸುತ್ತಿನ ಪ್ರಕಾರ ಅಲ್ಲ, ಎದುರುಬದುರು ಬಿಗಿಸಬೇಕು. ಗಾಳಿಯ ಗನ್ ಹಿಡಿದು ಒಂದೇ ಸಲ ಬಿಗಿಸಿದ್ದನ್ನು ನಂಬಬೇಡಿ, ಕೊನೆಗೆ ಕೈ ಪಾನದಲ್ಲಿ ನೋಡಲು ಹೇಳಿ. ಐವತ್ತು-ನೂರು ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೀವೇ ಬಿಗಿಸಿ. ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಮಾಡಿಸದೆ ಹೊರಡಬೇಡಿ.

ಹಂತ 6: ಗಾಳಿ

ಇಲ್ಲಿಯವರೆಗಿನ ಎಲ್ಲವೂ ಸರಿ ಇದ್ದು ಗಾಳಿ ತಪ್ಪಿದ್ದರೆ ಏನೂ ಉಪಯೋಗವಿಲ್ಲ. ಲೋಡ್ ಇಂಡೆಕ್ಸ್ ಹೇಳುವ ಭಾರ ಹೊರುವುದು ಪೂರ್ತಿ ಗಾಳಿ ಇದ್ದಾಗ ಮಾತ್ರ. ಸ್ವಂತ ಗೇಜ್ ಒಂದು ಇಟ್ಟುಕೊಳ್ಳಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ನೋಡಿ. ಓಡಿದ ಟೈರಿನಲ್ಲಿ ನಾಲ್ಕೈದು ಪಾಯಿಂಟ್ ಜಾಸ್ತಿ ತೋರಿಸಿದರೆ ಅದು ಬಿಸಿಯದು, ಗಾಳಿ ತೆಗೆಯಬೇಡಿ. ವ್ಯಾನಿನಲ್ಲಿ ಖಾಲಿಗೂ ಲೋಡಿಗೂ ಹಿಂದಿನ ಗಾಳಿಯ ಅಂತರ ದೊಡ್ಡದು, ಸ್ಟಿಕರಿನಲ್ಲಿ ಎರಡೂ ಇರುತ್ತವೆ. ಸುಮ್ನೆ ನಾಲ್ಕಕ್ಕೂ ಒಂದೇ ಪಾಯಿಂಟ್ ಹಾಕಿಸುವ ಅಭ್ಯಾಸ ಬಿಡಿ.

ಕೆಸರಿಗೆ ಇಳಿಯುವ ಮುಂಚೆ ಗಾಳಿ ಇಳಿಸುವುದು ಎಟಿ ಟೈರ್ ಕೊಂಡಷ್ಟೇ ಸಹಾಯ ಮಾಡುತ್ತದೆ, ಅದೂ ಖರ್ಚಿಲ್ಲದೆ. ಖಾಲಿ ಅಥವಾ ಅರ್ಧ ಲೋಡಿನ ಗಾಡಿಯಲ್ಲಿ ಇಪ್ಪತ್ತರಿಂದ ಇಪ್ಪತ್ತೈದು ಪರ್ಸೆಂಟ್ ಇಳಿಸಿ. 40 ಇದ್ದರೆ 30-32. ಟೈರಿನ ಪಾದ ಉದ್ದವಾಗಿ ಮಣ್ಣಿನ ಮೇಲೆ ಹರಡುತ್ತದೆ, ಹೂಳುವುದು ಕಡಿಮೆಯಾಗುತ್ತದೆ. ಆದರೆ ಸ್ಪೀಡು ಮೂವತ್ತರ ಒಳಗೇ ಇರಲಿ. ಪೂರ್ತಿ ಲೋಡ್ ಇದ್ದರೆ ಇಳಿಸಬೇಡಿ. ಟ್ಯೂಬ್ ಟೈರಿನವರು ಇನ್ನೂ ಹುಷಾರು: ಗಾಳಿ ತೀರಾ ಕಡಿಮೆಯಾದರೆ ರಿಮ್ಮಿನ ಮೇಲೆ ಟೈರ್ ಜಾರಿ, ಟ್ಯೂಬ್ ಎಳೆದುಕೊಂಡು ವಾಲ್ವ್ ಬುಡದಲ್ಲೇ ಹರಿಯುತ್ತದೆ. ಚೂಪು ಜಲ್ಲಿಯ ದಾರಿಯಲ್ಲೂ ಇಳಿಸಬೇಡಿ, ಉಬ್ಬಿದ ಸೈಡ್‌ವಾಲ್ ಕಲ್ಲಿಗೆ ಸಿಕ್ಕಿ ಕೊಯ್ದುಹೋಗುತ್ತದೆ. ಸೈಡ್‌ವಾಲ್ ಕೊಯ್ದರೆ ಪಂಚರ್ ಹಾಕಲು ಬರುವುದಿಲ್ಲ.

ಇಳಿಸಿದ ಗಾಳಿಯನ್ನು ಟಾರು ಸಿಕ್ಕಿದ ತಕ್ಷಣ ತುಂಬಲೇಬೇಕು. ಬ್ಯಾಟರಿಯಿಂದ ಓಡುವ ಸಣ್ಣ ಕಂಪ್ರೆಸರ್ ಸೀಟಿನಡಿ ಇರಲಿ. ಅದು ಇಲ್ಲದವರು ಗಾಳಿ ಇಳಿಸಬಾರದು.

ಆಮೇಲೆ ಎಂಟು-ಹತ್ತು ಸಾವಿರ ಕಿ.ಮೀ.ಗೊಮ್ಮೆ ಟೈರ್ ಅದಲುಬದಲು ಮಾಡಿಸಿ. ಸ್ಟೆಪ್ನಿ ಅದೇ ಅಳತೆ, ಅದೇ ನಮೂನೆ ಆಗಿದ್ದರೆ ಅದನ್ನೂ ಸರದಿಗೆ ಸೇರಿಸಿ. ಬಟನ್ 1.6 ಮಿ.ಮೀ.ಗೆ ಇಳಿದರೆ ಟೈರ್ ತೆಗೆಯಲೇಬೇಕು ಅನ್ನುವುದು ನಿಯಮ. ಗೆರೆಗಳ ತಳದಲ್ಲಿ ಅಡ್ಡಕ್ಕೆ ಇರುವ ಸಣ್ಣ ದಿಬ್ಬ ಮೇಲ್ಮೈಗೆ ಸಮ ಬಂದರೆ ಅಷ್ಟಕ್ಕೆ ಬಂತು ಅಂತ. ಘಾಟಿ ಮಳೆಗೆ ಓಡಾಡುವವರು ಅಲ್ಲಿವರೆಗೆ ಕಾಯದೆ 3 ಮಿ.ಮೀ. ಇರುವಾಗಲೇ, ಮೇ ತಿಂಗಳ ಒಳಗೆ ಬದಲಾಯಿಸಿಬಿಡಿ.